ಪಡಸಾಲೆಯಲ್ಲಿ ಕಟ್ಟಿದ ಎಂಜಿನ್

ಅಪ್ಪ ಒಂದು ಊಟವನ್ನು ಪೂರ್ತಿ ಕೂತು ಉಂಡದ್ದು ನನಗೆ ನೆನಪಿಲ್ಲ. ರೊಟ್ಟಿ ಮುರಿದು ಝುಣಕಕ್ಕೆ ಹಚ್ಚುವಷ್ಟರಲ್ಲಿ ಏನೋ ನೆನಪಾಗಿ ಎದ್ದುಬಿಡುತ್ತಿದ್ದ. ಅವ್ವ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಡುತ್ತಿದ್ದಳು. ತಿಕೋಟಾದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಮುಂದೆ ಪಡಸಾಲೆ, ನಡುವೆ ಹಗಲಿನಲ್ಲೂ ಕತ್ತಲಿರುತ್ತಿದ್ದ ನಡುಮನೆ, ಹಿಂದೆ ಅಡುಗೆಮನೆ. ಪಡಸಾಲೆಯ ಒಂದು ಮಗ್ಗುಲಿಗೆ ಆಯಿಯ ನಾಲ್ಕು ಕುರಿ, ಇನ್ನೊಂದು ಮಗ್ಗುಲಿಗೆ ಅಪ್ಪನ ಎಂಜಿನ್ನುಗಳು. ಆಯಿ ಅಂದರೆ ಅಪ್ಪನ ಅವ್ವ. ಊರಿನ ಹಿಂಡೆಲ್ಲ ಕರಗಿದ ಮೇಲೂ ಆ ನಾಲ್ಕನ್ನು ಬಿಡದೆ ಸಾಕಿದ್ದಳು. ಸುತ್ತಲಿನ ದ್ರಾಕ್ಷಿ ತೋಟದವರು ಔಷಧ ಹೊಡೆಯುವ ಯಂತ್ರ ಕೆಟ್ಟರೆ, ನೀರಿನ ಪಂಪು ನಿಂತರೆ, ನಮ್ಮ ಕಟ್ಟೆಗೆ ತಂದು ಇಳಿಸಿ ಹೋಗುತ್ತಿದ್ದರು. ಅಪ್ಪ ಒಂದನ್ನು ಬಿಚ್ಚಿ, ಅದು ಮುಗಿಯುವ ಮೊದಲೇ ಇನ್ನೊಂದನ್ನು ಬಿಚ್ಚಿ, ಮೂರನೆಯದರ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ. ಕುರಿಗಳು ಕೂಡ ಆ ಮನೆಯಲ್ಲಿ ಮಲಗಿ ಮೆಲುಕು ಹಾಕಿದ್ದು ಕಡಿಮೆ. ಯಾವಾಗ ಯಾವ ಎಂಜಿನ್ ಢಗ್ಗೆಂದು ಎದ್ದೀತೋ ಎಂದು ಕಿವಿ ನಿಮಿರಿಸಿಯೇ ಇರುತ್ತಿದ್ದವು.

ಸುಗ್ಗಿ ಮುಗಿದ ಮೇಲೆ ಬಬಲೇಶ್ವರದ ಕಡೆಯ ಒಂದು ಬಯಲು ಹೊಲದಲ್ಲಿ ಬೈಕು ಗಾಡಿಗಳ ಓಟ ನಡೆಯುತ್ತಿತ್ತು. ಎರೆಮಣ್ಣನ್ನು ಟ್ರ್ಯಾಕ್ಟರಿನಿಂದ ತುಳಿಸಿ ಗುಂಡಗೆ ದಾರಿ ಮಾಡಿರುತ್ತಿದ್ದರು. ಅದರಲ್ಲಿ ನಮ್ಮಂಥವರಿಗೆ ಇದ್ದದ್ದು ಕಂಪನಿ ಕ್ಲಾಸು ಒಂದೇ. ನೂರು ಸಿ.ಸಿ.ಯ, ದಿನಾ ಹಾಲು ಹೇರುವ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಂತೆಗೆ ಹೋಗುವ ಗಾಡಿಯೇ ಆಗಬೇಕು. ಎಂಜಿನ್ನಿನ ಸವೆದ ಸಿಲಿಂಡರನ್ನು ಒಂದು ಸಲ ಬೋರ್ ಮಾಡಿಸಬಹುದು, ಅಂದರೆ ಒಳಗೆ ತೆಳ್ಳಗೆ ಕೊರೆಸಿ ನುಣುಪು ಮಾಡಿಸಬಹುದು. ಅದು ಬಿಟ್ಟು ಕಂಪನಿಯಿಂದ ಬಂದದ್ದನ್ನು ಕೊಯ್ಯಬಾರದು, ಕೊರೆಯಬಾರದು. ಮೊದಲೆರಡು ಸ್ಥಾನ ಬಂದ ಗಾಡಿಗಳ ಎಂಜಿನ್ನನ್ನು ಅಲ್ಲೇ ಜನರ ಮುಂದೆ ಬಿಚ್ಚಿ ನೋಡುವುದು ರಿವಾಜು. ಹಿಂದಿನ ವರ್ಷ ನಮ್ಮ ಪರಸು ಕಾಕಾ ಅಪ್ಪ ಕಟ್ಟಿದ ಗಾಡಿ ಓಡಿಸಿದ್ದ. ಕಾಕಾ ಅಪ್ಪನ ತಮ್ಮ, ನಮ್ಮ ಜೊತೆಗೇ ಇದ್ದ, ದ್ರಾಕ್ಷಿ ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಮೂರನೆಯ ಸುತ್ತಿನಲ್ಲಿ ಎಂಜಿನ್ ಬಿಗಿದು ಹಿಡಿದುಕೊಂಡು, ಗಾಡಿ ಬಿದ್ದು, ಕಾಕಾನ ತೋಳಿನ ಚರ್ಮ ಅಂಗೈಯಗಲ ಕಿತ್ತಿತ್ತು. ಅವಸರದಲ್ಲಿ ಅಪ್ಪ ಪಿಸ್ಟನ್ನಿನ ರಿಂಗುಗಳ ಬಾಯಿಗೆ ಬಿಡಬೇಕಾದ ಸಂದು ಅಳೆಯದೆ ಹಾಕಿದ್ದ. ಕಾದ ರಿಂಗಿಗೆ ಹಿಗ್ಗಲು ಜಾಗವಿರಲಿಲ್ಲ. ಅಂದಿನಿಂದ ಅಪ್ಪನಿಗೆ ಊರಲ್ಲಿ ‘ಮೂರು ಸುತ್ತಿನ ಬಸಣ್ಣ’ ಎಂದು ಹೆಸರಾಯಿತು. ಚಹಾದ ಅಂಗಡಿಗೆ ಹೋದರೆ ಯಾರಾದರೂ ಲೋಟದಲ್ಲಿ ಚಮಚ ಮೂರು ಸಲ ತಿರುಗಿಸಿ ನಿಲ್ಲಿಸುತ್ತಿದ್ದರು. ಅಪ್ಪ ಅಂಗಡಿಗೆ ಹೋಗುವುದನ್ನೇ ಬಿಟ್ಟ.

ಮರುವರ್ಷ ತೋಟದವರೊಬ್ಬರ ಗಾಡಿ ಲಾರಿಯ ಕೆಳಗೆ ಸಿಕ್ಕು ನುಜ್ಜುಗುಜ್ಜಾಯಿತು, ಎಂಜಿನ್ ಮಾತ್ರ ಉಳಿಯಿತು. ಅವರ ಪಂಪು ಕಟ್ಟಿಕೊಟ್ಟದ್ದಕ್ಕೆ ಬದಲಾಗಿ ಅಪ್ಪ ಅದನ್ನು ಗೋಣಿಚೀಲದಲ್ಲಿ ಹೊತ್ತು ತಂದು, ಪಡಸಾಲೆಯಲ್ಲಿ ಅವ್ವನ ಹಳೆಯ ಸೀರೆ ಹಾಸಿ ಅದರ ಮೇಲೆ ಬಿಚ್ಚಿದ. ಬಿಚ್ಚಿದ ಸಾಮಾನು ಒಂದರೊಳಗೊಂದು ಬೆರೆಯಬಾರದೆಂದು ಮನೆಯ ತಾಟುಗಳನ್ನೆಲ್ಲ ತೆಗೆದುಕೊಂಡ. ಒಂದು ತಾಟಿನಲ್ಲಿ ಗಿಯರು, ಒಂದರಲ್ಲಿ ಬೇರಿಂಗು, ಒಂದರಲ್ಲಿ ನಟ್ಟು. ಒಂದು ತಿಂಗಳು ನಾವು ರೊಟ್ಟಿಯ ಮೇಲೆಯೇ ಪಲ್ಯ ಹಾಕಿಕೊಂಡು, ಅಂಗೈ ಮೇಲಿಟ್ಟುಕೊಂಡು ಉಂಡೆವು.

"ಉಣ್ಣೂ ತಾಟಿನ್ಯಾಗ ಕರೇ ಎಣ್ಣಿ ಇಡ್ತೀಯಲ್ಲೋ ಬಸ್ಯಾ. ನಾಳೆ ದೇವರ ಜಗಲಿ ಮ್ಯಾಲೂ ಇಡ್ತಿ ನೀ," ಅಂದಳು ಆಯಿ.

"ಅಲ್ಲಿ ಜಾಗಾ ಐತೇನು ನೋಡ್ತೀನಿ ತಡಿ ಯವ್ವಾ," ಅಂದ ಅಪ್ಪ.

ಚೇಷ್ಟೆ ಅಂದುಕೊಂಡೆವು. ಎರಡು ದಿನ ಬಿಟ್ಟು ನೋಡಿದರೆ ಕಾರ್ಬೊರೇಟರು ನಿಜವಾಗಿ ಜಗಲಿಯ ಗೂಡಿನಲ್ಲಿತ್ತು. ಮನೆಯಲ್ಲಿ ಧೂಳು ಬೀಳದ ಜಾಗ ಅದೊಂದೇ ಎಂದು ಅಪ್ಪನ ವಾದ. ಆಯಿ ಆ ಸಂಜೆ ಉಣ್ಣಲಿಲ್ಲ. ಮರುದಿನ ದೇವರಿಗೆ ಕುಂಕುಮ ಏರಿಸುವಾಗ ಆ ಕಾರ್ಬೊರೇಟರಿಗೂ ಒಂದು ಚಿಟಿಕೆ ಹಚ್ಚಿ, ಅದನ್ನು ಒರೆಸಲು ಅಪ್ಪನಿಗೆ ಅರ್ಧ ತಾಸು ಹಿಡಿಯುವಂತೆ ಮಾಡಿದಳು.

ಹೊಸದಾಗಿ ತಂದದ್ದು ಪಿಸ್ಟನ್ನು, ರಿಂಗು, ಪ್ಯಾಕಿಂಗು ಇಷ್ಟೇ. ಉಳಿದದ್ದೆಲ್ಲ ಅಲ್ಲಿ ಇಲ್ಲಿ ಹೆಕ್ಕಿದ್ದು. ಎಂಜಿನ್ನಿನ ಹೊರಗವಚಕ್ಕೆ ಬೇರಿಂಗ್ ಕೂರಿಸುವುದಕ್ಕೆ ಅದನ್ನು ಒಂದು ಹದಕ್ಕೆ ಕಾಯಿಸಬೇಕು. ಕಮ್ಮಿ ಕಾದರೆ ಬೇರಿಂಗ್ ಇಳಿಯುವುದಿಲ್ಲ, ಹೆಚ್ಚಾದರೆ ಕವಚ ಸೊಟ್ಟಗಾಗುತ್ತದೆ. ಅಪ್ಪನಿಗೆ ಆ ಹದ ತಿಳಿಯುತ್ತಿರಲಿಲ್ಲ; ಕಾಯುವ ತಾಳ್ಮೆಯೇ ಇರಲಿಲ್ಲ. ಎರಡು ಸಲ ಸುತ್ತಿಗೆಯಿಂದ ಬಡಿಯಲು ಹೋದಾಗ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಕವಚವನ್ನು ತನ್ನ ರೊಟ್ಟಿಯ ಹೆಂಚಿನ ಮೇಲಿಟ್ಟಳು. ಬೆರಳದ್ದಿ ನೀರು ಸಿಂಪಡಿಸಿ, ಹನಿ ಓಡಾಡುವುದನ್ನು ನೋಡುತ್ತ ಕೂತಳು.

"ಈಗ ಹಾಕ್ರಿ," ಅಂದಳು.

ಅಪ್ಪ ಬೇರಿಂಗ್ ಹಿಡಿದು ಬಿಟ್ಟ. ಅದು ಟಕ್ಕೆಂದು ತಾನೇ ಕೂತಿತು. ಅಪ್ಪ ಅವ್ವನ ಮುಖ ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಬೇರೆ ಯಾರದೋ ಮನೆಗೆ ಬಂದವನಂತೆ ನೋಡಿದ. ಅವತ್ತಿನಿಂದ ವಾಲ್ವು ತಿಕ್ಕುವ ಕೆಲಸ ಅವ್ವನಿಗೆ ಹೋಯಿತು. ವಾಲ್ವೆಂದರೆ ಎಂಜಿನ್ನಿನ ತಲೆಯಲ್ಲಿ, ನಾವು ಹೆಡ್ ಅನ್ನುವ ಭಾಗದಲ್ಲಿ, ತೆರೆದು ಮುಚ್ಚುವ ಎರಡು ಸಣ್ಣ ಬಾಗಿಲು. ಅವು ಕೂರುವ ಜಾಗಕ್ಕೆ ಉಸುಕಿನಂಥ ಪೇಸ್ಟು ಹಚ್ಚಿ, ಕೋಲಿಗೆ ಸಿಕ್ಕಿಸಿ, ಮಜ್ಜಿಗೆ ಕಡೆದ ಹಾಗೆ ಎರಡೂ ಅಂಗೈ ನಡುವೆ ಹಿಂದೆ ಮುಂದೆ ತಿರುಗಿಸಬೇಕು. ಸಂದು ಚೂರೂ ಉಳಿಯಬಾರದು. ಉಳಿದರೆ ಎಂಜಿನ್ನಿನ ಉಸಿರು ಅಲ್ಲಿಂದ ಸೋರಿ ಬಲ ಹೋಗುತ್ತದೆ. ಅಪ್ಪ ಹತ್ತು ನಿಮಿಷ ತಿಕ್ಕಿ ಸಾಕೆನ್ನುತ್ತಿದ್ದ. ಅವ್ವ ರೊಟ್ಟಿ ಬಡಿದು, ಕಸ ಹೊಡೆದು, ಉಳಿದ ಹೊತ್ತಿನಲ್ಲೆಲ್ಲ ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ತಿಕ್ಕಿದಳು. ಒಂಬತ್ತು ದಿನ. ಆ ಒಂಬತ್ತು ದಿನ ಮನೆಯಲ್ಲಿ ಚುರ್ ಚುರ್ ಎಂಬ ಒಂದೇ ಸದ್ದು. ಕೊನೆಗೆ ಹೆಡ್ಡಿನಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಹೊಯ್ದು ಕಾದೆವು. ಒಂದು ಹನಿಯೂ ಕೆಳಗೆ ಜಿನುಗಲಿಲ್ಲ. ಅವ್ವ ಹೆಡ್ಡನ್ನು ಬೂದಿಯಿಂದ ಬೆಳಗಿ, ಒಣಗಿಸಿ, ಕರವಸ್ತ್ರದಲ್ಲಿ ಸುತ್ತಿಟ್ಟಳು.

ಎಂಜಿನ್ ಕಟ್ಟಿ ನಮ್ಮ ಹಳೆಯ ಗಾಡಿಯ ಚಾಸಿಗೆ, ಅಂದರೆ ಚೌಕಟ್ಟಿಗೆ, ಕೂರಿಸಿದ್ದಾಯಿತು. ಓಟಕ್ಕೆ ಎಂಟು ಹತ್ತು ದಿನವಿತ್ತು. ಅಥಣಿ ರಸ್ತೆಯಲ್ಲಿ ಆಗ ಹೊಸ ಹೊಸ ಲೇಔಟು ಬೀಳುತ್ತಿದ್ದವು. ಕಲ್ಲು ನೆಟ್ಟಿದ್ದರು, ಮನೆ ಎದ್ದಿರಲಿಲ್ಲ, ಮಣ್ಣಿನ ರಸ್ತೆ ಖಾಲಿ ಬಿದ್ದಿರುತ್ತಿತ್ತು. ಅಪ್ಪ ಮತ್ತು ಕಾಕಾ ಗಾಡಿಯನ್ನು ಅಲ್ಲಿ ಓಡಿಸಿ ನೋಡಲು ಹೋದರು. ಅಲ್ಲಿ ಬಬಲೇಶ್ವರದ ಹಣಮಂತ ಮಿಸ್ತ್ರಿಯ ಗಾಡಿಯೂ ಬಂದಿತ್ತು. ಆತ ಆ ಸೀಮೆಯಲ್ಲಿ ಹೆಸರಾದ ಎಂಜಿನ್ ಕಟ್ಟುವವ, ಮಾತು ಕಡಿಮೆ. ಎರಡೂ ಗಾಡಿ ಜೊತೆಗೆ ಬಿಟ್ಟರು. ನೇರ ದಾರಿಯಲ್ಲಿ ಮಿಸ್ತ್ರಿಯ ಗಾಡಿ ಒಂದು ಗಾಡಿಯಷ್ಟು ಮುಂದೆ ಹೋಯಿತು. ಎರಡನೆಯ ಸಲವೂ ಅಷ್ಟೇ. ಮನೆಗೆ ಬಂದ ಅಪ್ಪ ನೀರು ಕೂಡ ಕುಡಿಯದೆ ಪಡಸಾಲೆಯಲ್ಲಿ ಆ ಕಡೆಯಿಂದ ಈ ಕಡೆ ನಡೆದ. ಕಾಕಾ ಬಾಗಿಲಿಗೆ ಒರಗಿ ನಿಂತು ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದ. ನಾನು ಹೋದ ಕೂಡಲೇ ಸುಮ್ಮನಾದ. ಮರುದಿನ ಅಪ್ಪ ಹೆಡ್ಡನ್ನು ಬಿಚ್ಚಿ ಚೀಲಕ್ಕೆ ಹಾಕಿದ.

"ನೀಲಾ, ನಡಿ. ನಿನಗ ಚಸ್ಮಾ ಮಾಡಿಸಬೇಕಲ್ಲ, ಬಿಜಾಪುರಕ್ಕ ಹೋಗಿ ಬರೂಣು," ಅಂದ.

ಸಾಲೆಯ ಬೋರ್ಡು ನನಗೆ ಕಾಣುವುದಿಲ್ಲ ಎಂದು ಮಾಸ್ತರರು ಹೇಳಿ ಕಳಿಸಿ ಮೂರು ತಿಂಗಳಾಗಿತ್ತು. ವಿಜಯಪುರದ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಕನ್ನಡಕ ಹಾಕಿಸಿಕೊಂಡು ಹೊರಗೆ ಬಂದರೆ ಎದುರಿನ ಬೇವಿನ ಮರದ ಎಲೆ ಒಂದೊಂದೂ ಬೇರೆ ಬೇರೆ ಕಂಡಿತು. ಆ ಖುಷಿಯಲ್ಲಿ ನಾನು ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ನಡೆದೆ. ಅಪ್ಪ ಸಂದಿಯಲ್ಲಿದ್ದ ದಸ್ತಗೀರ ಮಾಮಾನ, ಲೋಹ ಕೊಯ್ಯುವ ಲೇತ್ ಯಂತ್ರದ ಅಂಗಡಿಗೆ ಹೊಕ್ಕ. ನಮ್ಮ ಸಿಲಿಂಡರು ಬೋರ್ ಮಾಡಿಕೊಟ್ಟವರೂ ಆ ಮಾಮಾನೇ. ಅಪ್ಪ ಹೆಡ್ಡು ಕೊಟ್ಟು, ಬೆರಳ ತುದಿಯಿಂದ ಇಷ್ಟು ಎಂದು ತೋರಿಸಿದ. ಹೆಡ್ಡಿನ ಅಡಿಯನ್ನು ಕೂದಲೆಳೆಯಷ್ಟು ಕೊಯ್ದರೆ ಒಳಗಿನ ಜಾಗ ಕಿರಿದಾಗಿ ಎಂಜಿನ್ನಿಗೆ ಬಲ ಬರುತ್ತದೆ. ಅದು ಆಗ ನನಗೆ ಗೊತ್ತಿರಲಿಲ್ಲ. ಮಾಮಾ ಹೆಡ್ಡನ್ನು ತಿರುವಿ ತಿರುವಿ ನೋಡಿದರು.

"ಕಂಪನಿ ಕ್ಲಾಸಿಗೇ ಅಲ್ಲೇನ ಬಸಣ್ಣ ಇದು?"

"ಹೂಂ."

"ಮಗಳ ಮುಂದ ಕೊಯ್ಲ್ಯಾ?"

"ಆಕಿಗೇನ ತಿಳೀತೈತಿ. ಕೊಯ್ರಿ."

ತಿಳಿಯುವುದಿಲ್ಲ ಎಂದದ್ದರಿಂದಲೇ ನಾನು ಕಣ್ಣು ಕೀಲಿಸಿ ನೋಡಿದೆ. ಲೇತಿನ ಮೊನೆಯಿಂದ ಬೆಳ್ಳನೆಯ ಲೋಹದ ಸುರುಳಿ ಬಿಚ್ಚಿಕೊಂಡು ಕೆಳಗೆ ಬೀಳುತ್ತಿತ್ತು, ಹೊಸ ಕನ್ನಡಕದಲ್ಲಿ ಅದರ ಹಲ್ಲು ಹಲ್ಲು ಕಾಣುತ್ತಿತ್ತು. ಬಸ್ಸಿನಲ್ಲಿ ಕೂತ ಮೇಲೆ ಅಪ್ಪ ನನಗೆ ಪೇಢೆಯ ಪೊಟ್ಟಣ ಕೊಟ್ಟ.

"ಮಾಮಾನ ಅಂಗಡಿಗೆ ಹೋಗಿದ್ದು ಅವ್ವಗ ಹೇಳಬ್ಯಾಡ, ಏನ?"

ನಾನು ಹೂಂ ಅಂದೆ. ಆ ಹೂಂ ನನ್ನೊಳಗೆ ಎರಡು ದಿನ ಓಡಾಡಿತು. ಪೇಢೆಯನ್ನು ತಿನ್ನಲೂ ಆಗದೆ ಬಿಸಾಡಲೂ ಆಗದೆ ಸಾಲೆಯ ದಪ್ತರದಲ್ಲಿಟ್ಟುಕೊಂಡೆ. ಅದಕ್ಕೆ ಇರುವೆ ಮುತ್ತಿ ಪುಸ್ತಕವೆಲ್ಲ ಇರುವೆಯಾಯಿತು. ಅಪ್ಪನೂ ನಾನೂ ಒಬ್ಬರ ಮುಖ ಒಬ್ಬರು ತಪ್ಪಿಸಿಕೊಂಡು ಒಂದೇ ಪಡಸಾಲೆಯಲ್ಲಿ ಸುತ್ತುತ್ತಿದ್ದೆವು.

ಮೂರನೆಯ ದಿನ ಅಪ್ಪ ಹೆಡ್ಡನ್ನು ಕೂರಿಸಲು ತೆಗೆದಾಗ ಅವ್ವ ಸಹಜವಾಗಿ ಒರೆಸಿ ಕೊಡೋಣವೆಂದು ಕೈಗೆತ್ತಿಕೊಂಡಳು. ಬಾಗಿಲ ಬೆಳಕಿಗೆ ಹಿಡಿದಳು. ಅಡಿಯ ಮೇಲೆ ಸಣ್ಣ ಸಣ್ಣ ಬಳೆಯಂಥ ಗೆರೆಗಳಿದ್ದವು.

"ಇದೇನ್ರಿ, ಬೀಸೂಕಲ್ಲಿಗೆ ಹೊಸದಾಗಿ ಮುಳ್ಳ ಹೊಡಿಸಿದಂಗ ಆಗೈತಿ?"

"ಸಾಪ್ ಮಾಡಿಸೀನಿ," ಅಂದ ಅಪ್ಪ, ತಲೆ ಎತ್ತದೆ.

"ನಾ ಬೂದಿ ಹಚ್ಚಿ ತಿಕ್ಕಿದ್ದು ಸಾಪ್ ಇರಲಿಲ್ಲೇನ್ರಿ?" ಅವ್ವ ಅಪ್ಪನನ್ನು ಇನ್ನು ಕೇಳಲಿಲ್ಲ. ನನ್ನ ಕಡೆ ತಿರುಗಿದಳು. "ನೀಲಾ, ನೀ ಇದ್ದೆಲ್ಲ. ಏನ ಮಾಡಿಸಿದ್ರು?"

ಅಪ್ಪ ನನ್ನನ್ನು ನೋಡಿದ. ಕಾಕಾ ನೋಡಿದ. ಆಯಿ ಕುರಿಗೆ ಸೊಪ್ಪು ಹಾಕುವುದನ್ನು ನಿಲ್ಲಿಸಿ ನೋಡಿದಳು. ನಾನು ಧೈರ್ಯದಿಂದ ಹೇಳಿದೆ ಅಂದರೆ ಸುಳ್ಳಾಗುತ್ತದೆ. ಎರಡು ದಿನದಿಂದ ಬಚ್ಚಿಟ್ಟದ್ದು ತಾನಾಗಿ ಬಾಯಿಗೆ ಬಂತು.

"ಮಾಮಾನ ಲೇತಿನ್ಯಾಗ ಕೊಯ್ಸ್ಯಾನ," ಅಂದೆ.

ಮನೆಯಲ್ಲಿ ಅಂಥ ಜಗಳ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಅಪ್ಪ ಎಲ್ಲರೂ ಕೊಯ್ಸುತ್ತಾರೆ, ಕೂದಲೆಳೆಯಷ್ಟು ಅಳತೆಗೆ ಸಿಗುವುದಿಲ್ಲ ಎಂದ. ಕಾಕಾ, ತೋಳಿನ ಕಲೆ ತೋರಿಸಿ, ಬಿದ್ದವನು ತಾನು, ಜನ ನಕ್ಕದ್ದು ತನ್ನನ್ನು ನೋಡಿ ಎಂದ. ಅವ್ವ ದನಿ ಎತ್ತಲಿಲ್ಲ.

"ನನ್ನ ಕೈಲೆ ಒಂಬತ್ತ ದಿನ ತಿಕ್ಕಿಸಿದ್ರಿ. ನಾಳೆ ಎಲ್ಲಾರ ಮುಂದ ಬಿಚ್ಚಿದಾಗ, ಕಳ್ಳ ಎಂಜಿನ್ ಕಟ್ಟಿದಾಕಿ ಅಂತ ನನಗೂ ಅಂತಾರ. ನನ್ನ ಕೇಳಿದ್ರ್ಯಾ?"

ಅಪ್ಪ ಕೈಯಲ್ಲಿದ್ದ, ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟ. ಎದ್ದು ಹೊರಗೆ ಹೋದ. ಕಾಕಾ ನನ್ನ ಹತ್ತಿರ ಬಂದು, "ಮನ್ಯಾಗೇ ಸಾಕ್ಷಿ ಹುಟ್ಟ್ಯಾಳ ನಮಗ," ಅಂದು ಹೋದ. ಓಟ ಮುಗಿದ ಮುಂದಿನ ತಿಂಗಳು ಅವನು ವಿಜಯಪುರದಲ್ಲಿ ಗುಮ್ಮಟದ ಹಿಂದೆ ಕೋಣೆ ಹಿಡಿದು ಬೇರೆಯಾದ. ಟೆಂಪೊ ಕೆಲಸಕ್ಕೆ ಅನುಕೂಲ ಎಂದು ಎಲ್ಲರಿಗೂ ಹೇಳುತ್ತಿದ್ದ. ಹಬ್ಬಕ್ಕೆ ಬಂದಾಗ ಆಯಿಗೆ ಸೀರೆ, ಅವ್ವನಿಗೆ ಕುಬಸ ತರುತ್ತಿದ್ದ. ನನ್ನನ್ನು ಮಾತ್ರ ‘ಸಾಕ್ಷಿ’ ಎಂದೇ ಕರೆಯುತ್ತಿದ್ದ. ನಗುತ್ತಲೇ ಕರೆಯುತ್ತಿದ್ದ. ಆ ನಗು ನನಗೆ ಕೊನೆಯ ತನಕ ಒಗ್ಗಲಿಲ್ಲ. ಇವತ್ತಿಗೂ ಯಾರಾದರೂ ನನ್ನನ್ನು ನೇರವಾಗಿ ಒಂದು ಪ್ರಶ್ನೆ ಕೇಳಿದರೆ, ಉತ್ತರ ಎಷ್ಟೇ ಸಾದಾ ಇರಲಿ, ಮೊದಲು ಕೋಣೆಯಲ್ಲಿ ಯಾರು ಯಾರು ಇದ್ದಾರೆಂದು ನೋಡುತ್ತೇನೆ. ಆಮೇಲೆ ಹೇಳಿಬಿಡುತ್ತೇನೆ. ಎರಡೂ ಆ ಪಡಸಾಲೆಯಲ್ಲೇ ಕಲಿತದ್ದು.

ಜಗಳದ ಮರುದಿನ ಬೆಳಿಗ್ಗೆ ಅವ್ವ ಬುತ್ತಿ ಕಟ್ಟಿಕೊಂಡು, ನನ್ನನ್ನು ದಾರಿ ತೋರಿಸಲು ಕರೆದುಕೊಂಡು ವಿಜಯಪುರದ ಬಸ್ಸು ಹತ್ತಿದಳು. ಅಷ್ಟು ದಿನ ಅವಳು ಆಸ್ಪತ್ರೆಗೆ ಬಿಟ್ಟರೆ ಆ ಊರಿಗೆ ತಾನಾಗಿ ಹೋದವಳಲ್ಲ. ದಸ್ತಗೀರ ಮಾಮಾ ನಮ್ಮನ್ನು ನೋಡಿ ಲೇತ್ ಬಂದ್ ಮಾಡಿದರು. ಅವ್ವ ಕೊಯ್ದ ಹೆಡ್ಡನ್ನು ಅವರ ಬೆಂಚಿನ ಮೇಲಿಟ್ಟಳು.

"ಅಣ್ಣಾರ, ಇಂಥಾದ್ದೇ ಇನ್ನೊಂದ ಹೆಡ್ ಬೇಕ್ರಿ. ಕೊಯ್ಯದ್ದು."

ಮಾಮಾ ಬಹಳ ಹೊತ್ತು ತಲೆ ಕೆರೆದುಕೊಂಡರು. ಆಮೇಲೆ ಬೆಂಚಿನ ಕೆಳಗೆ ತೂರಿ, ತುಕ್ಕು ಹಿಡಿದ ಒಂದು ಹೆಡ್ಡು ಎಳೆದು ತೆಗೆದರು. ವಾಲ್ವು ಕೂರುವ ಜಾಗದಲ್ಲಿ ಗುಂಡಿ ಬಿದ್ದಿದ್ದವು.

"ಕಂಪನೀದು ಐತಿ ತಂಗಿ, ಯಾರೂ ಮುಟ್ಟಿಲ್ಲ. ಆದ್ರ ಸೀಟ್ ಹಾಳಾಗ್ಯಾವ. ತಿಕ್ಕೂದ ಭಾಳ ಐತಿ. ಓಟ ಯಾವಾಗ?"

"ಐದ ದಿನಕ್ಕ."

"ಆಗೂದಿಲ್ಲ ಬಿಡು."

"ಪೇಸ್ಟ ಒಂದೀಟ ಜಾಸ್ತಿ ಕೊಡ್ರಿ," ಅಂದಳು ಅವ್ವ.

ಈ ಸಲ ಅವಳು ಕೆಲಸದ ನಡುವೆ ತಿಕ್ಕಲಿಲ್ಲ. ತಿಕ್ಕುವುದೇ ಕೆಲಸವಾಯಿತು. ರೊಟ್ಟಿ ಆಯಿಯ ಪಾಲಿಗೆ ಬಂತು. ಆಯಿಯ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಸೀದು, ಯಾರೂ ಕೊಂಕು ತೆಗೆಯದೆ ಉಂಡೆವು. ಎರಡನೆಯ ದಿನ ಅವ್ವನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಅರಿಶಿಣ ಹಚ್ಚಿ ಬಟ್ಟೆ ಸುತ್ತಿಕೊಂಡು ತಿಕ್ಕಿದಳು. ಆಯಿ ಬಂದು ಕೋಲು ಕಸಿದುಕೊಂಡು, "ಕುರಿ ಉಣ್ಣಿ ನೂತ ಕೈ ಐತಿ ನಂದು, ಸರಿ ಆಕಡೆ," ಎಂದು ಒಂದು ಹೊತ್ತು ತಾನು ತಿಕ್ಕಿದಳು. ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದ, ಏಳುತ್ತಿದ್ದ, ಒಳಗೆ ಬಂದು ನೀರು ಕುಡಿದು ಹೋಗುತ್ತಿದ್ದ. ಅವ್ವನ ಜೊತೆ ಒಂದೆರಡು ಮಾತು ಆಡುತ್ತಿದ್ದ. ನನ್ನ ಜೊತೆ ಮಾತಿಲ್ಲ. ನಾನು ಬಾಗಿಲಲ್ಲಿ ಅಡ್ಡ ನಿಂತರೆ ನಾನು ಸರಿಯುವ ತನಕ ಬೇರೆ ಕಡೆ ನೋಡುತ್ತಿದ್ದ. ನಾಲ್ಕನೆಯ ದಿನ ಸಂಜೆ ಅವನೇ ಚಿಮಣಿ ಎಣ್ಣೆಯ ಡಬ್ಬಿ ತಂದು, ಹೆಡ್ಡಿನಲ್ಲಿ ಹೊಯ್ದು, ಬಗ್ಗಿ ನೋಡಿದ. ಒಂದು ಕಡೆ ತೇವ ಬಂತು. ಅವ್ವ ಮತ್ತೆ ಕೋಲು ತೆಗೆದುಕೊಂಡಳು. ಅಪ್ಪ ಅವಳ ಎದುರಿಗೆ ಕೂತು, ಹೆಡ್ಡು ಅಲುಗದಂತೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ದೀಪ ಹಚ್ಚುವ ಹೊತ್ತಿಗೆ ತೇವ ನಿಂತಿತು.

ಓಟದ ದಿನ ನಾವು ಮನೆಮಂದಿಯೆಲ್ಲ ಕಾಕಾನ ಟೆಂಪೊದಲ್ಲಿ ಹೋದೆವು. ಹೊಲದ ಸುತ್ತ ಜನ ಹಗ್ಗ ಹಿಡಿದು ನಿಂತಿದ್ದರು. ಟ್ಯಾಂಕರಿನ ನೀರು ಚಿಮುಕಿಸಿದ್ದರೂ ಎರೆಮಣ್ಣಿನ ಧೂಳು ಹಲ್ಲಿಗೆ ಬರುತ್ತಿತ್ತು. ಈ ಸಲವೂ ಓಡಿಸುವವ ಕಾಕಾನೇ. ಮೂರನೆಯ ಸುತ್ತು ಬಂದಾಗ ಯಾರೋ ಹಿಂದಿನಿಂದ "ಈಗ ನಿಂದರ್ತೈತಿ ನೋಡ್ರಿ" ಅಂದರು. ಅಪ್ಪ ಹಗ್ಗವನ್ನು ಹಿಡಿದ ಕೈ ಬಿಡಲಿಲ್ಲ. ನಿಲ್ಲಲಿಲ್ಲ ಗಾಡಿ. ನಾಲ್ಕು, ಐದು, ಆರು. ತಿರುವುಗಳಲ್ಲಿ ಕಾಕಾ ಕಾಲು ನೆಲಕ್ಕೆ ಊರಿ ಮಣ್ಣು ಸೀಳಿಕೊಂಡು ಬರುತ್ತಿದ್ದ. ಅಲ್ಲಿ ಅವನೇ ಮುಂದೆ. ನೇರ ದಾರಿಯಲ್ಲಿ ಮಿಸ್ತ್ರಿಯ ಗಾಡಿ ಮುಂದೆ. ಕೊನೆಯ ಸುತ್ತಿನಲ್ಲಿ ಎರಡೂ ಜೊತೆಯಾಗಿ ಬಂದವು, ಕೊನೆಯ ಗೆರೆಗೆ ಮಿಸ್ತ್ರಿಯ ಗಾಡಿ ಒಂದು ಗಾಲಿಯಷ್ಟು ಮೊದಲು ಮುಟ್ಟಿತು. ನಾವು ಎರಡನೆಯವರಾದೆವು. ಕಾಕಾ ಗಾಡಿ ಒಗೆದು ಹೋಗಿ ಟೆಂಪೊದಲ್ಲಿ ಕೂತ. ಆ ಕೂದಲೆಳೆ ಕೊಯ್ದಿದ್ದರೆ ಗೆರೆಯನ್ನು ನಾವೇ ಮೊದಲು ಮುಟ್ಟುತ್ತಿದ್ದೆವು ಎಂದು ಅವನಿಗೂ ಗೊತ್ತಿತ್ತು, ಅಪ್ಪನಿಗೂ, ನನಗೂ.

ರಿವಾಜಿನಂತೆ ತಾಡಪತ್ರಿ ಹಾಸಿ ಎರಡೂ ಎಂಜಿನ್ ಬಿಚ್ಚಿದರು. ಮಿಸ್ತ್ರಿಯ ಎಂಜಿನ್ನು ಅಪ್ಪ ನೋಡಬೇಕು, ನಮ್ಮದು ಮಿಸ್ತ್ರಿ ನೋಡಬೇಕು, ನಡುವೆ ಪಂಚರು ಕೂತಿರುತ್ತಾರೆ. ಅಪ್ಪ ಮಿಸ್ತ್ರಿಯ ಹೆಡ್ಡಿನ ಅಡಿಯ ಮೇಲೆ ಉಗುರು ಎಳೆದು ಎಳೆದು ನೋಡಿದ. ಕೊಯ್ದ ಗುರುತಿರಲಿಲ್ಲ. ಎಲ್ಲರೂ ಕೊಯ್ಸುತ್ತಾರೆ ಎಂದಿದ್ದ ಅಪ್ಪ ಅದನ್ನು ಬಹಳ ಮೆಲ್ಲಗೆ ಕೆಳಗಿಟ್ಟ. ಮಿಸ್ತ್ರಿ ನಮ್ಮ ಹೆಡ್ಡು ಅಳೆದ, ರಿಂಗಿನ ಬಾಯಿ ನೋಡಿದ. ನಿಯಮಕ್ಕೆ ಅಷ್ಟು ಸಾಕಾಗಿತ್ತು. ಆದರೂ ಅವನು ಹೆಡ್ಡಿನಲ್ಲಿ ಒಂದಿಷ್ಟು ಪೆಟ್ರೋಲ್ ಹೊಯ್ದು ಎತ್ತಿ ಹಿಡಿದುಕೊಂಡ. ಜನ ಕಾದರು. ಚಿಮಣಿ ಎಣ್ಣೆಗಿಂತ ಪೆಟ್ರೋಲ್ ಸೂಕ್ಷ್ಮ, ಎಲ್ಲಿಂದಲಾದರೂ ನುಸುಳುತ್ತದೆ. ಒಂದು ಹನಿ ಬೀಳಲಿಲ್ಲ.

"ಯಾರ ತಿಕ್ಕ್ಯಾರ ಇದನ್ನ?" ಅಂದ ಮಿಸ್ತ್ರಿ.

"ನನ್ನ ಹೆಂಡ್ತಿ ತಿಕ್ಕ್ಯಾಳ್ರಿ," ಅಂದ ಅಪ್ಪ.

ನಾಲ್ಕಾರು ಜನ ನಕ್ಕರು. ಮಿಸ್ತ್ರಿ ನಗಲಿಲ್ಲ. ಹಗ್ಗದಾಚೆ ಹೆಂಗಸರ ನಡುವೆ, ಅಂಗೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಅವ್ವನನ್ನು ಹುಡುಕಿ ನೋಡಿದ.

"ಎಷ್ಟ ದಿನ ತಿಕ್ಕಿದ್ರಿ ತಂಗ್ಯಾರ?"

ಅವ್ವ ಸೆರಗು ಸರಿ ಮಾಡಿಕೊಂಡಳು. "ಯಾವ ಸಲದ್ದ ಕೇಳಾಕತ್ತೀರ್ರಿ?"

ಪಂಚರಲ್ಲೊಬ್ಬರು ಯಾವ ಸಲ ಅಂದರೇನು ಎಂದು ತಲೆ ಎತ್ತಿದರು. ಅವ್ವ ಅಪ್ಪನನ್ನು ನೋಡುತ್ತ ನಿಂತಳು. ಅಪ್ಪ ಕೈಗೆ ಹತ್ತಿದ್ದ ಎಣ್ಣೆಯನ್ನು ಒಂದೊಂದೇ ಬೆರಳಿನಿಂದ ಒರೆಸಿಕೊಂಡ.

"ಎರಡ ಸಲ ತಿಕ್ಕ್ಯಾಳ್ರಿ," ಅಂದ. "ಮೊದಲನೇದ ನಾ ಕೆಡಿಸಿದ್ದೆ."

ಮಿಸ್ತ್ರಿ ಅಪ್ಪನ ಮುಖ ನೋಡಿದ. ಅವನಿಗೆ ಪೂರ್ತಿ ಅರ್ಥವಾಯಿತೆಂದೇ ನನ್ನ ಎಣಿಕೆ. ಹೆಡ್ಡನ್ನು ಚೊಕ್ಕ ಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಿಂದ ಅಪ್ಪನಿಗೆ ಕೊಟ್ಟು, ಪಂಚರಿಗೆ "ಸರಿ ಐತ್ರಿ" ಅಂದು ಎದ್ದ.

ಜನ ಚದುರಿದರು. ಎಂಜಿನ್ನನ್ನು ಮತ್ತೆ ಕೂಡಿಸಿ ಟೆಂಪೊಗೆ ಹೇರಬೇಕಿತ್ತು. ಕಾಕಾ ಇಳಿದು ಬರಲಿಲ್ಲ. ಅಪ್ಪ ತಾಡಪತ್ರಿಯ ಮೇಲೆ ಒಬ್ಬನೇ ಕೂತು ನಟ್ಟು ಕೂರಿಸುತ್ತಿದ್ದ. ನಾನು ಹೋಗಿ ಸ್ವಲ್ಪ ದೂರದಲ್ಲಿ ನಿಂತೆ.

"ನೀಲಾ, ಹತ್ತ ನಂಬರಿನ ಪಾನಾ ಕೊಡು," ಅಂದ, ಎಂಜಿನ್ನಿನಿಂದ ಕಣ್ಣು ತೆಗೆಯದೆ.

ಜಗಳವಾದ ಮೇಲೆ ನನ್ನ ಹೆಸರು ಹಿಡಿದು ಅವನಾಡಿದ ಮೊದಲ ಮಾತು ಅದು. ಗಾಬರಿಯಲ್ಲಿ ನನ್ನ ಕೈಗೆ ಬಂದದ್ದು ಹನ್ನೆರಡರದು. ಅಪ್ಪ ಅದನ್ನು ತಿರುಗಿಸಿ ನೋಡಿ, ಬೈಯದೆ ವಾಪಸು ಕೊಟ್ಟ. ನಾನು ಚೀಲವನ್ನೆಲ್ಲ ತಾಡಪತ್ರಿಯ ಮೇಲೆ ಸುರುವಿ, ಕನ್ನಡಕದ ಧೂಳು ಒರೆಸಿಕೊಂಡು, ಒಂದೊಂದೇ ನಂಬರು ಓದುತ್ತ ಹೋದೆ. ಅಪ್ಪ ಕೈ ಚಾಚಿಕೊಂಡೇ ಕೂತಿದ್ದ.